ನಾಲೆಯ ನೀರು ಯಾವ ವಿಭಾಗಕ್ಕೆ ಸೇರಿದ್ದು?

ಪದವಿ ಪ್ರವೇಶದ ದಿನಗಳು ಹತ್ತಿರವಾದಂತೆ ಪರಿಸರ ವಿಜ್ಞಾನದ ವ್ಯಾಸಂಗವನ್ನು ಕುರಿತ ಪತ್ರಗಳು ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಬರೆದ ಉತ್ತರ ದೀರ್ಘವಾಗಿದೆ. ಉಳಿದ ಮೂವರೂ ದಯವಿಟ್ಟು ಅದನ್ನು ಓದಿಕೊಂಡು ಮುಂದಕ್ಕೆ ಬರಬೇಕು.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರಗಳು. ನಾನು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರವಳು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಓದುತ್ತಿದ್ದೇನೆ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ನಾಲೆಗೆ ನೀರು ಬಿಟ್ಟರೂ ನಮ್ಮ ಗದ್ದೆಗೆ ಬರುತ್ತದೆಂಬ ಭರವಸೆ ಇರುವುದಿಲ್ಲ. ಪರಿಸರ ವಿಜ್ಞಾನ ಓದಬೇಕೆಂಬ ಆಸೆ ನನಗಿದೆ, ಆದರೆ ಇತಿಹಾಸ ಮತ್ತು ಅರ್ಥಶಾಸ್ತ್ರವೂ ಅಷ್ಟೇ ಇಷ್ಟ. "ಎರಡು ದೋಣಿಯ ಮೇಲೆ ಕಾಲಿಡಬೇಡ, ಪರಿಸರ ಎಂದರೆ ವಿಜ್ಞಾನ, ಉಳಿದದ್ದೆಲ್ಲ ಭಾಷಣ" ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ವಿಜ್ಞಾನವನ್ನೂ ಸಮಾಜವಿಜ್ಞಾನವನ್ನೂ ಸೇರಿಸಿ ಓದಲು ಸಾಧ್ಯವೇ? ಹಾಗೆ ಓದಿದರೆ ಎರಡರಲ್ಲಿಯೂ ಅರೆಬರೆಯಾಗಿ ಉಳಿಯುತ್ತೇನೆಯೇ?

ಉತ್ತರ: ನಿಮ್ಮ ಪ್ರಶ್ನೆಯನ್ನು ನಿಮ್ಮ ಗದ್ದೆಯ ಬದುವಿನ ಮೇಲೆ ನಿಂತೇ ವಿಚಾರ ಮಾಡೋಣ.

ನಿಮ್ಮ ನಾಲೆಗೆ ನೀರು ಬರುವ ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರ) ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ ಜಿಲ್ಲೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಅಷ್ಟು ತುಂಬಿದಾಗ ಅಲ್ಲಿ ನಿಲ್ಲುವ ನೀರು 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರು. ಭತ್ತದ ಒಂದು ಬೆಳೆಗೆ 1,200 ಮಿಲಿಮೀಟರು ನೀರು ಬೇಕೆಂದು ಇಟ್ಟುಕೊಂಡರೆ ಎಕರೆಗೆ 48 ಲಕ್ಷ ಲೀಟರು ದಾಟುತ್ತದೆ. ಆದ್ದರಿಂದ ಎಲ್ಲಿಯೂ ಸೋರದೆ, ಎಲ್ಲಿಯೂ ಆವಿಯಾಗದೆ ಹರಿದು ಬಂದರೆ, ಮಳೆಯ ಪಾಲನ್ನು ಲೆಕ್ಕಕ್ಕೆ ಹಿಡಿಯದೆಯೂ, ಒಂದು ಟಿಎಂಸಿ ನೀರಿನಲ್ಲಿ ಸುಮಾರು 5,800 ಎಕರೆ ಭತ್ತವನ್ನು ಬೆಳೆಯಬಹುದು. ಇಷ್ಟು ಲೆಕ್ಕವನ್ನು ನೀವು ಈಗಲೇ, ಪಿಯುಸಿಯ ಗಣಿತದಿಂದಲೇ ಮಾಡಬಲ್ಲಿರಿ. ನಾಲೆಯುದ್ದಕ್ಕೂ ಎಷ್ಟು ನೀರು ಇಂಗುತ್ತದೆ, ಎಷ್ಟು ಆವಿಯಾಗುತ್ತದೆ, ಕೆಂಪು ಮಣ್ಣಿನಲ್ಲಿ ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದನ್ನು ಪದವಿಯಲ್ಲಿ ಕಲಿಯುತ್ತೀರಿ. ಇವೆಲ್ಲವೂ ನಿಮ್ಮ ಉಪನ್ಯಾಸಕರು ಒಪ್ಪುವ ವಿಜ್ಞಾನ.

ಆದರೆ ಆ ಲೆಕ್ಕ ನಿಮ್ಮ ತೂಬಿನ ಬಳಿಗೆ ಬಂದಾಗ ನಿಂತುಬಿಡುತ್ತದೆ. ಮೇಲ್ಭಾಗದ ರೈತರು ಕಬ್ಬನ್ನೇ ಏಕೆ ಹಾಕುತ್ತಾರೆ? ಕಬ್ಬಿಗೆ 1,500ರಿಂದ 2,500 ಮಿಲಿಮೀಟರು ನೀರು ಬೇಕು, ರಾಗಿಗೆ ಅದರ ಕಾಲುಭಾಗದಷ್ಟಿದ್ದರೆ ಸಾಕು ಎಂಬುದು ಅವರಿಗೆ ತಿಳಿಯದ ವಿಷಯವೇನೂ ಅಲ್ಲ. ಕಬ್ಬಿಗೆ ಸರ್ಕಾರ ನಿಗದಿ ಮಾಡುವ ದರವಿದೆ, ಕೊಳ್ಳಲು ಕಾರ್ಖಾನೆಯಿದೆ, ಕಾರ್ಖಾನೆ ತಡಮಾಡಿದರೆ ಆಲೆಮನೆಯಿದೆ, ನಾಟಿಗೂ ಕಳೆಗೂ ಭತ್ತದಷ್ಟು ಆಳು ಬೇಡ. ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾದದ್ದೇ ಈ ನಾಲೆಯ ನೀರನ್ನು ನಂಬಿ. ನೀರು, ಬೆಳೆ, ಕಾರ್ಖಾನೆ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡು 90 ವರ್ಷ ದಾಟಿದೆ. ಯಾವ ದಿನ ಯಾವ ಉಪನಾಲೆಗೆ ನೀರು ಎಂಬ ಕಟ್ಟು ಪದ್ಧತಿ ಕಾಗದದ ಮೇಲೆ ಒಂದು ರೀತಿ, ರಾತ್ರಿ ಎರಡು ಗಂಟೆಗೆ ತೂಬಿನ ಬಳಿ ಮತ್ತೊಂದು ರೀತಿ ಇರುವುದು ಏಕೆ, ನಾಲೆಯ ನೀರು ಬಿಡುವ ಸೌಡಿಯ ಮಾತನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರ್ಥಶಾಸ್ತ್ರ, ಇತಿಹಾಸ ಮತ್ತು ಸಮಾಜಶಾಸ್ತ್ರಗಳಲ್ಲಿ ಹುಡುಕಬೇಕಾಗುತ್ತದೆ. ಇದನ್ನು ಭಾಷಣವೆಂದು ಕರೆದು ಬದಿಗಿಟ್ಟರೆ ನಿಮ್ಮ ಗದ್ದೆ ಒಣಗಿದ್ದೇಕೆ ಎಂಬುದಕ್ಕೆ ವಿವರಣೆಯೇ ಸಿಗುವುದಿಲ್ಲ.

ಇಲ್ಲಿಗೆ ಅರ್ಧ ವಿಜ್ಞಾನ, ಅರ್ಧ ಸಮಾಜ ಎಂದು ಗೆರೆ ಎಳೆದು ಮುಗಿಸಬಹುದಿತ್ತು. ಆದರೆ ನಾಲೆ ಆ ಗೆರೆಯನ್ನು ಉಳಿಯಗೊಡುವುದಿಲ್ಲ. ಮೇಲ್ಭಾಗದಲ್ಲಿ ಬೇಕಾದುದಕ್ಕಿಂತ ಹೆಚ್ಚು ನೀರು ಹರಿದಾಗ ಭೂಮಿಯೊಳಗಿನ ನೀರಿನ ಮಟ್ಟ ಬೇರಿನ ಹತ್ತಿರಕ್ಕೆ ಏರುತ್ತದೆ, ಬಿಸಿಲಿಗೆ ಆ ನೀರು ಮೇಲಕ್ಕೆ ಜಿನುಗಿ ಆವಿಯಾದಾಗ ಕರಗಿದ್ದ ಲವಣ ಮಣ್ಣಿನ ಮೇಲೆ ಬಿಳಿಯ ಪದರವಾಗಿ ಉಳಿಯುತ್ತದೆ, ಹೊಲ ಚೌಳಾಗುತ್ತದೆ. ಹಂಚಿಕೆಯಲ್ಲಿ ನಡೆದ ತಪ್ಪು ಮಣ್ಣಿನ ರಸಾಯನವಾಗಿ ಮಾರ್ಪಟ್ಟು, ಅಲ್ಲಿಂದ ಇಳುವರಿಯ ಇಳಿಕೆಯಾಗಿ, ಸಾಲವಾಗಿ ಮನೆಯೊಳಕ್ಕೆ ಬರುತ್ತದೆ. ಇನ್ನೊಂದು ಉದಾಹರಣೆಯನ್ನು ನೋಡಿ. ನೀರು ಇಂಗಿ ಹೋಗದಿರಲೆಂದು ನಾಲೆಗೆ ಸಿಮೆಂಟಿನ ಹಾಸು ಹಾಕುತ್ತಾರೆ. ಎಂಜಿನಿಯರರ ಲೆಕ್ಕದಲ್ಲಿ ಅದು ಉಳಿತಾಯ, ಮತ್ತು ಕೊನೆಯ ಭಾಗದ ನಿಮ್ಮಂಥವರಿಗೆ ಅದರಿಂದ ಉಪಕಾರವೂ ಆಗಬಹುದು. ಆದರೆ ಹಾಗೆ ಇಂಗುತ್ತಿದ್ದ ನೀರೇ ನಾಲೆಯ ಆಸುಪಾಸಿನ ಬಾವಿ, ಕೊಳವೆಬಾವಿಗಳನ್ನು ತುಂಬುತ್ತಿತ್ತು. ಆ ಬಾವಿಗಳ ಒಡೆಯರು ಯಾರು, ಅವರಿಗೆ ನಾಲೆಯ ನೀರಿನ ಹಕ್ಕು ಇದೆಯೇ ಎಂದು ಕೇಳದೆ ಹಾಸಿನ ಲಾಭನಷ್ಟವನ್ನು ಯಾರೂ ಹೇಳಲಾರರು. ಮಣ್ಣನ್ನು ಅಳೆಯುವವರೂ ಮನೆಯನ್ನು ಕೇಳುವವರೂ ಒಂದೇ ಹಾಳೆಯ ಮೇಲೆ ಬರೆಯಬೇಕಾದ ಲೆಕ್ಕ ಇದು.

ಕಾವೇರಿಯ ತೀರ್ಪನ್ನೇ ತೆಗೆದುಕೊಳ್ಳಿ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರುವರಿ 5ರಂದು ಕೊಟ್ಟ ಅಂತಿಮ ತೀರ್ಪಿನಲ್ಲಿ ಕಣಿವೆಯ ನೀರನ್ನು 740 ಟಿಎಂಸಿ ಎಂದು ಲೆಕ್ಕ ಹಾಕಿ, ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಕೊಟ್ಟಿತು. ಪರಿಸರದ ರಕ್ಷಣೆಗೆಂದೇ 10 ಟಿಎಂಸಿಯನ್ನು ತೆಗೆದಿರಿಸಿತು. ಸುಪ್ರೀಂ ಕೋರ್ಟು 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ 284.75ಕ್ಕೆ ಏರಿಸಿತು. ಆ ಹೆಚ್ಚಳದಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕೆ ಬಂದದ್ದು. ಉಳಿದ 10 ಟಿಎಂಸಿಗೆ ಆಧಾರ, ತಮಿಳುನಾಡಿನ ಭೂಮಿಯೊಳಗೆ ಅಂತರ್ಜಲ ಇರುವುದರಿಂದ ಅಷ್ಟು ನದಿನೀರು ಅದಕ್ಕೆ ಬೇಡವೆಂಬ ಲೆಕ್ಕ. ನೆಲದಡಿಯ ನೀರಿನ ಬಗ್ಗೆ ಭೂವಿಜ್ಞಾನ ಹೇಳಿದ ಮಾತು ನ್ಯಾಯಾಲಯದಲ್ಲಿ ರಾಜ್ಯದ ಪಾಲಾಗಿ ಬದಲಾಯಿತು. ಈ ತೀರ್ಪನ್ನು ಕಾನೂನು ಮಾತ್ರ ತಿಳಿದವರು ಅರ್ಧ ಓದಬಲ್ಲರು, ಜಲವಿಜ್ಞಾನ ಮಾತ್ರ ತಿಳಿದವರು ಇನ್ನರ್ಧ ಓದಬಲ್ಲರು.

ಇನ್ನು ಅರೆಬರೆಯಾಗುವ ಭಯದ ವಿಷಯ. ಆ ಭಯ ಸಾಧುವಾದದ್ದೆಂದೇ ನಾನು ಹೇಳುತ್ತೇನೆ. ಎಲ್ಲ ವಿಷಯಗಳ ಪರಿಚಯ ಅಧ್ಯಾಯವನ್ನು ಓದಿಕೊಂಡು, ಓಜೋನು, ಜಾಗತಿಕ ತಾಪಮಾನ, ಸುಸ್ಥಿರ ಅಭಿವೃದ್ಧಿ ಎಂದು ಮಾತನಾಡಬಲ್ಲ, ಆದರೆ ಒಂದು ಬಾಟಲಿ ನೀರನ್ನು ಕೈಗಿತ್ತರೆ ಏನು ಮಾಡಬೇಕೆಂದು ತಿಳಿಯದ ಪದವೀಧರರನ್ನು ನಾನು ಕಂಡಿದ್ದೇನೆ. ಆದ್ದರಿಂದ ಮೊದಲ ಪದವಿಯಲ್ಲಿ ಒಂದು ಶಿಸ್ತಿನಲ್ಲಿ ಬೇರು ಬಿಡಿ. ನಿಮ್ಮ ವಿಷಯದಲ್ಲಿ ಅದು ವಿಜ್ಞಾನವೇ ಆಗಲಿ. ಅರ್ಥಶಾಸ್ತ್ರವನ್ನೂ ಇತಿಹಾಸವನ್ನೂ ಗ್ರಂಥಾಲಯದ ನೆರವಿನಿಂದ ಮುಂದೆಯೂ ಬಹುಮಟ್ಟಿಗೆ ಕಟ್ಟಿಕೊಳ್ಳಬಹುದು. ಪ್ರಯೋಗಾಲಯದ ಕೈಚಳಕವನ್ನು ಪ್ರಯೋಗಾಲಯದ ಹೊರಗೆ ಕಲಿಯಲಾಗುವುದಿಲ್ಲ. ಪರಿಸರ ವಿಜ್ಞಾನವನ್ನು ಒಂದು ವಿಷಯವಾಗಿ ಕೊಡುವ ಬಿ.ಎಸ್‌ಸಿ. ಸಿಕ್ಕರೆ ಅದರ ಜೊತೆಗೆ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಇರುವಂತೆ ನೋಡಿಕೊಳ್ಳಿ. ಸಿಗದಿದ್ದರೂ ಕೊರಗಬೇಡಿ, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಓದಿ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನದ ಎಂ.ಎಸ್‌ಸಿ.ಗೆ ಹೋಗುವ ದಾರಿಯಿದೆ.

ಸಮಾಜವಿಜ್ಞಾನದ ಕಡೆಯಿಂದ ನೀವು ಕಲಿಯಬೇಕಾದದ್ದು ಮಾಹಿತಿಗಿಂತ ಹೆಚ್ಚಾಗಿ ವಿಧಾನವನ್ನು. ಪ್ರಶ್ನೆ ಕೇಳುವುದೂ ಒಂದು ವಿದ್ಯೆ. ಯಾರ ಮನೆಗೆ ಮೊದಲು ಹೋದಿರಿ, ಯಾರ ಎದುರಿಗೆ ಕೇಳಿದಿರಿ, ಗಂಡಸರು ಜಗಲಿಯ ಮೇಲೆ ಕುಳಿತಿರುವಾಗ ಹೆಂಗಸರು ಏನನ್ನು ಹೇಳಲಿಲ್ಲ ಎಂಬುದೆಲ್ಲ ಉತ್ತರವನ್ನು ಬದಲಾಯಿಸುತ್ತದೆ. ಪಹಣಿಯನ್ನೂ ಗ್ರಾಮನಕ್ಷೆಯನ್ನೂ ಓದಲು ಕಲಿಯಿರಿ. ಸಂಖ್ಯಾಶಾಸ್ತ್ರವನ್ನು ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ಎರಡು ಕಡೆಯವರೂ ಒಪ್ಪುವ ಭಾಷೆ ಅದೊಂದೇ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ಅಲ್ಲಿ ಅದು ಮೀರಿತ್ತು. ಗದ್ದೆಗೆ ಹಾಕಿದ ಯೂರಿಯಾದಿಂದಲೂ ತಿಪ್ಪೆ, ಶೌಚದ ಗುಂಡಿಗಳಿಂದಲೂ ನೈಟ್ರೇಟ್ ನೆಲದೊಳಕ್ಕೆ ಇಳಿಯುತ್ತದೆ. ಹಸುಗೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇಷ್ಟನ್ನೂ ವಿವರಿಸಿ, ಈ ನೀರನ್ನು ಕುಡಿಯಬೇಡಿ, ಊರಿನ ಇನ್ನೊಂದು ತುದಿಯ ನಲ್ಲಿಯಿಂದ ತನ್ನಿ ಎಂದು ಹೇಳಿ ಬಂದೆ. ಒಂದು ತಿಂಗಳ ನಂತರ ಹೋದಾಗ ಅದೇ ಹೆಂಗಸರು ಅದೇ ಕೊಳವೆಬಾವಿಯ ಮುಂದೆ ಬಿಂದಿಗೆ ಹಿಡಿದು ನಿಂತಿದ್ದರು. ಆ ಇನ್ನೊಂದು ನಲ್ಲಿ ಇದ್ದ ಬೀದಿಗೆ ಅವರು ಬಿಂದಿಗೆ ಹಿಡಿದು ಹೋಗುವಂತಿರಲಿಲ್ಲ ಎಂಬುದು, ಅವರು ಯಾವ ಕೇರಿಯವರು ಎಂದು ಕೇಳಲೂ ಯೋಚಿಸದ ನನಗೆ ತಿಳಿದಿರಲಿಲ್ಲ. ನನ್ನ ರಸಾಯನ ಸರಿಯಾಗಿತ್ತು, ಸಲಹೆ ತಪ್ಪಾಗಿತ್ತು. ಆ ಕೂಸುಗಳ ಮಟ್ಟಿಗೆ ಅದು ಒಂದು ತಿಂಗಳ ನಷ್ಟ. ಆ ಮೇಲೆ ನಾನು ಸಮಾಜಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಕರೆದುಕೊಳ್ಳದೆ ಹಳ್ಳಿಗೆ ಹೋದದ್ದಿಲ್ಲ.

ಹೀಗೆ ಎರಡೂ ಕಡೆಯ ಜ್ಞಾನ ಒಂದೆಡೆ ಸೇರಿದಾಗ ಶಾಸ್ತ್ರವೇ ತಿದ್ದಿಕೊಂಡದ್ದೂ ಉಂಟು. ಎಲ್ಲರಿಗೂ ಸೇರಿದ ಹುಲ್ಲುಗಾವಲನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಬಳಸಿ ಕೊನೆಗೆ ಹಾಳುಮಾಡುತ್ತಾನೆ ಎಂದು ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ 1968ರಲ್ಲಿ ವಾದಿಸಿದರು; ಬಹುಕಾಲ ಅದನ್ನು ಪ್ರಕೃತಿಯ ನಿಯಮವೆಂಬಂತೆ ಪಾಠ ಮಾಡಲಾಯಿತು. ರಾಜ್ಯಶಾಸ್ತ್ರದ ಎಲಿನಾರ್ ಆಸ್ಟ್ರಮ್ ಅವರು ಹಲವು ದೇಶಗಳ ನೀರಾವರಿ, ಮೀನುಗಾರಿಕೆ, ಕಾಡು, ಮೇವಿನ ಭೂಮಿಗಳನ್ನು ಅಭ್ಯಾಸ ಮಾಡಿ, ಜನರು ತಾವೇ ನಿಯಮ ಮಾಡಿಕೊಂಡು ತಲೆಮಾರುಗಳ ಕಾಲ ಅವನ್ನು ಕಾಪಾಡಿಕೊಂಡು ಬಂದಿರುವುದನ್ನು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಅವರಿಗೆ ಸಂದಿತು. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲ ಮೈಸೂರು ಸೀಮೆಯವರಿಗೆ ಇದು ಅಪರಿಚಿತ ಸಂಗತಿಯಲ್ಲ. ಕೆರೆಯ ಕೆಳಗಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಊರಿನ ಪರವಾಗಿ ನಿರ್ಧರಿಸುತ್ತಿದ್ದ, ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದ ಆ ವ್ಯಕ್ತಿಯ ಬಗ್ಗೆ ನಿಮ್ಮ ತಾಲ್ಲೂಕಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಪದವಿಗೆ ಸೇರುವ ಮೊದಲೇ ಮಾಡಬಹುದಾದ ಒಳ್ಳೆಯ ಕೆಲಸ ಅದು.

ಸ್ನಾತಕೋತ್ತರ ಹಂತಕ್ಕೆ ಬಂದಾಗ ಬೆಂಗಳೂರಿನ ಸಂಸ್ಥೆಗಳ ಕಡೆಗೂ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ 1983ರಲ್ಲಿ ಮಾಧವ ಗಾಡ್ಗೀಳ್ ಅವರ ಮುಂದಾಳ್ತನದಲ್ಲಿ ಆರಂಭವಾದದ್ದು. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ 1972ರದು; ಅಲ್ಲಿ ಅರ್ಥಶಾಸ್ತ್ರದ ಕಡೆಯಿಂದ ನೈಸರ್ಗಿಕ ಸಂಪನ್ಮೂಲಗಳ ಅಭ್ಯಾಸ ನಡೆಯುತ್ತದೆ. 1996ರಲ್ಲಿ ಹುಟ್ಟಿದ, ಪರಿಸರ ಸಂಶೋಧನೆಗೆ ಮೀಸಲಾದ ಏಟ್ರೀ (ATREE) ಸಂಸ್ಥೆಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಕುಳಿತು ಪಿಎಚ್.ಡಿ. ಮಾಡುತ್ತಾರೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿ; ಸಮಾಜಶಾಸ್ತ್ರ, ಅರ್ಥಶಾಸ್ತ್ರ ನನ್ನ ವಿಷಯಗಳು. ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನು ಮುಟ್ಟಿಲ್ಲ. ಪರಿಸರದ ಕ್ಷೇತ್ರಕ್ಕೆ ಬರಬೇಕೆಂದಿದ್ದೇನೆ. ನನಗೆ ಬಾಗಿಲು ಮುಚ್ಚಿದೆಯೇ?

ಉತ್ತರ: ಒಂದು ಬಾಗಿಲು ಮುಚ್ಚಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಪರಿಸರ ವಿಜ್ಞಾನದ ಎಂ.ಎಸ್‌ಸಿ.ಗೆ ಸಾಮಾನ್ಯವಾಗಿ ವಿಜ್ಞಾನದ ಪದವಿಯನ್ನೇ ಕೇಳುತ್ತಾರೆ. ಆದರೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಅಭಿವೃದ್ಧಿ ಅಧ್ಯಯನ, ಭೂಗೋಳ, ಕಾನೂನು ಇವುಗಳಲ್ಲಿ ಯಾವುದನ್ನು ಓದಿಯೂ ಪರಿಸರದ ಪ್ರಶ್ನೆಗಳ ಮೇಲೆ ಕೆಲಸ ಮಾಡಬಹುದು. 1974ರ ಜಲಮಾಲಿನ್ಯ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, 2010ರ ಹಸಿರು ನ್ಯಾಯಮಂಡಳಿಯ ಕಾಯ್ದೆ ಇವುಗಳನ್ನು ಓದಿ ಅರ್ಥ ಮಾಡಿಕೊಂಡು ಹಳ್ಳಿಯವರಿಗೆ ವಿವರಿಸಬಲ್ಲವರು ನಮ್ಮಲ್ಲಿ ಬಹಳ ಕಡಿಮೆ.

ನಿಮ್ಮಂಥವರು ತಪ್ಪದೆ ಕಲಿಯಬೇಕಾದದ್ದು ಸಂಖ್ಯೆಯನ್ನು ಪ್ರಶ್ನಿಸುವ ವಿದ್ಯೆಯನ್ನು. ಉದಾಹರಣೆಗೆ, ಕೆರೆಯ ನೀರಿನ ವರದಿಯಲ್ಲಿ ಬಿಒಡಿ ಎಂಬ ಅಂಕಿ ಇರುತ್ತದೆ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕವನ್ನು ಬಳಸುತ್ತವೆ ಎಂಬುದರ ಅಳತೆ ಅದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಹೊರದೇಶಗಳ ಅಂಕಿಗಳು ಹೆಚ್ಚಾಗಿ 20 ಡಿಗ್ರಿಯಲ್ಲಿ ಐದು ದಿನದವು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಇಷ್ಟು ತಿಳಿದುಕೊಳ್ಳಲು ಪ್ರಯೋಗಾಲಯ ಬೇಕಿಲ್ಲ, ಒಂದು ಸಂಜೆ ಸಾಕು. ಇಷ್ಟು ತಿಳಿದವರು, ಮಾದರಿಯನ್ನು ಯಾವ ತಿಂಗಳು, ಕೆರೆಯ ಯಾವ ಮೂಲೆಯಲ್ಲಿ, ಮಳೆಗೆ ಮೊದಲೋ ನಂತರವೋ ತೆಗೆದದ್ದು ಎಂದು ಅಧಿಕಾರಿಗಳನ್ನು ಕೇಳಬಲ್ಲರು. ಆ ಪ್ರಶ್ನೆ ಬಂದಾಗ ಸಭೆಯ ಧೋರಣೆಯೇ ಬದಲಾಗುವುದನ್ನು ನಾನು ನೋಡಿದ್ದೇನೆ.

ನಿಮ್ಮ ಶಾಸ್ತ್ರದಿಂದ ವಿಜ್ಞಾನಕ್ಕೆ ಸಲ್ಲುವ ಕೊಡುಗೆಯೂ ಇದೆ. ಪಕ್ಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಯ ಮರಗಳ ಮೇಲೆ ಬೆಳೆಯುವ ಪರಾವಲಂಬಿ ಗಿಡವೊಂದಿದೆ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ಒಣ ಎಲೆಗಳನ್ನಷ್ಟೇ ಸುಟ್ಟು, ಉಪ್ಪಿಲನ್ನೂ ಲಂಟಾನವೆಂಬ ಕಳೆಯನ್ನೂ ಹತೋಟಿಯಲ್ಲಿಡುತ್ತಿತ್ತು, ಬೆಂಕಿಯನ್ನು ನಿಷೇಧಿಸಿದ ಮೇಲೆ ಎರಡೂ ಹೆಚ್ಚಾದವು ಎಂಬುದು ಅವರ ಮಾತು. ಕಾಡನ್ನು ಎಣಿಸಿ ಅಳೆಯುವ ಸಂಶೋಧಕರು ಈ ಮಾತನ್ನು ಪರೀಕ್ಷಿಸಬೇಕಾದ ಊಹೆಯಾಗಿ ತೆಗೆದುಕೊಂಡರು. ಆ ಊಹೆ ಹುಟ್ಟಿದ್ದು ಸೋಲಿಗರ ಹಾಡಿಯಲ್ಲಿ ಕುಳಿತು ಕೇಳಿದ್ದರಿಂದ.

ಪ್ರಶ್ನೆ: ನನ್ನ ಮಗ ಪರಿಸರ ವಿಜ್ಞಾನವೇ ಬೇಕೆಂದು ಹಟ ಹಿಡಿದಿದ್ದಾನೆ. ಎಂಜಿನಿಯರಿಂಗ್ ಮಾಡಿದರೆ ಕೆಲಸ ಸಿಗುತ್ತದೆ, ಇದರಲ್ಲಿ ಏನಿದೆ ಎಂದು ನೆಂಟರೆಲ್ಲ ಕೇಳುತ್ತಾರೆ. ನಾವು ಮಂಡ್ಯದವರು, ಮಧ್ಯಮ ವರ್ಗದವರು. ನಿಜವನ್ನು ಹೇಳಿ.

ಉತ್ತರ: ಪದವಿ ಮುಗಿದ ತಕ್ಷಣ ಕೈತುಂಬ ಸಂಬಳ ಸಿಗುವ ವಿಷಯ ಇದಲ್ಲ, ಬಿ.ಎಸ್‌ಸಿ.ಯ ಮೇಲೆ ಎಂ.ಎಸ್‌ಸಿ. ಆಗಲೇಬೇಕು ಎಂದು ಲೆಕ್ಕ ಹಾಕಿಕೊಳ್ಳಿ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ ಒಟ್ಟು ಐದು ವರ್ಷ. ಆ ಮೇಲೆ ನೀರು ಮತ್ತು ಗಾಳಿಯ ಪರೀಕ್ಷಾ ಪ್ರಯೋಗಾಲಯಗಳು, ಕಾರ್ಖಾನೆಗಳ ಪರಿಸರ ವಿಭಾಗಗಳು, ಯೋಜನೆಗಳ ಪರಿಸರ ಪರಿಣಾಮದ ವರದಿ ತಯಾರಿಸುವ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಬೋಧನೆ ಮತ್ತು ಸಂಶೋಧನೆ ಇವೆ. ಕಾಲೇಜು ಬೋಧನೆಯ ಅರ್ಹತೆಗಾಗಿ ನಡೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿಯೇ ಇದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು, ಏಕೆಂದರೆ ಇವನ್ನು ತಡವಾಗಿ ತಿಳಿದು ಕಣ್ಣೀರು ಹಾಕಿದವರು ನನ್ನ ಮುಂದೆಯೇ ಕುಳಿತಿದ್ದಾರೆ. ಮೊದಲನೆಯದು, ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಪರಿಸರ ವಿಜ್ಞಾನ ಆ ಪಟ್ಟಿಯಲ್ಲಿಲ್ಲ. ಮಗ ಕಾಡಿನ ಕನಸು ಕಾಣುತ್ತಿದ್ದರೆ ವಿಷಯಗಳ ಸಂಯೋಜನೆಯನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳಲಿ. ಎರಡನೆಯದು, ಮಾಲಿನ್ಯ ನಿಯಂತ್ರಣದ ಸರ್ಕಾರಿ ಹುದ್ದೆಗಳಲ್ಲಿ ಎಂಜಿನಿಯರಿಂಗ್ ಪದವಿ ಕೇಳುವವೂ ವಿಜ್ಞಾನದ ಸ್ನಾತಕೋತ್ತರ ಪದವಿ ಕೇಳುವವೂ ಬೇರೆ ಬೇರೆ ಇರುತ್ತವೆ. ಹಿಂದಿನ ನೇಮಕಾತಿ ಅಧಿಸೂಚನೆಗಳನ್ನು ಈಗಲೇ ತೆಗೆದು ಓದಿಸಿ. ಮಗನಿಗೆ ಯಂತ್ರ, ಕೊಳವೆ, ಶುದ್ಧೀಕರಣ ಘಟಕಗಳಲ್ಲಿ ಆಸಕ್ತಿಯಿದ್ದರೆ ಪರಿಸರ ಎಂಜಿನಿಯರಿಂಗ್ ಪದವಿ ಮೈಸೂರಿನಲ್ಲಿಯೇ ಇದೆ. ಮಣ್ಣು ಮತ್ತು ಬೆಳೆಯಲ್ಲಿದ್ದರೆ ನಿಮ್ಮೂರಿನ ವಿ.ಸಿ. ಫಾರಂನ ಕೃಷಿ ಕಾಲೇಜು ಇದೆ. ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀರಿ. ಯಾವುದಕ್ಕಾಗಿ ಎಂದು ಅವನನ್ನೇ ಕೂರಿಸಿಕೊಂಡು ಸಮಾಧಾನದಿಂದ ಕೇಳಿ. ಕಾಡಿಗಾಗಿಯೋ, ನೀರಿಗಾಗಿಯೋ, ಕಾನೂನಿಗಾಗಿಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಪ್ರಶ್ನೆ: ನಾನು ನಂಜನಗೂಡು ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ವಾಣಿಜ್ಯದ ಉಪನ್ಯಾಸಕ. ಕಡ್ಡಾಯ ಪರಿಸರ ಅಧ್ಯಯನ ಪತ್ರಿಕೆಯನ್ನು ನನಗೆ ವಹಿಸಿದ್ದಾರೆ. ವಿದ್ಯಾರ್ಥಿಗಳು ಹಿಂದಿನ ದಿನ ಗೈಡ್ ಓದಿ ಬರೆಯುತ್ತಾರೆ. ನಾನು ವಿಜ್ಞಾನಿಯಲ್ಲ. ಏನು ಮಾಡಲಿ?

ಉತ್ತರ: ಈ ಪತ್ರಿಕೆ ಹುಟ್ಟಿದ ರೀತಿಯನ್ನು ಮೊದಲು ವಿದ್ಯಾರ್ಥಿಗಳಿಗೆ ಹೇಳಿ. ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಅದರ ಫಲವಾಗಿ ಯುಜಿಸಿ ಎಲ್ಲ ಪದವಿಗಳಿಗೂ ಅನ್ವಯಿಸುವ ಆರು ತಿಂಗಳ ಪಠ್ಯವನ್ನು ರೂಪಿಸಿತು. ಆ ಪಠ್ಯದ ಮೊದಲ ಘಟಕವೇ ಪರಿಸರ ಅಧ್ಯಯನದ ಬಹುಶಿಸ್ತೀಯ ಸ್ವರೂಪವನ್ನು ಕುರಿತದ್ದು, ಕೊನೆಯ ಘಟಕ ಕ್ಷೇತ್ರಕಾರ್ಯ, ಮತ್ತು 100 ಅಂಕಗಳಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕೆ ಮೀಸಲಾಗಿತ್ತು. ಆ ಮೇಲೆ ಪಠ್ಯಗಳು ಬದಲಾಗಿವೆ, ಆದರೂ ಮೂಲ ಆಶಯ ಅದೇ. ನೀವು ವಾಣಿಜ್ಯದವರಾಗಿರುವುದು ಇಲ್ಲಿ ಕೊರತೆಯೇ ಅಲ್ಲ. ಮನೆಯ ಕಸಕ್ಕೆ ಯಾರು ಎಷ್ಟು ಖರ್ಚು ಮಾಡುತ್ತಾರೆ, ಬೇರ್ಪಡಿಸಿದ ಒಣಕಸ ಯಾವ ಬೆಲೆಗೆ ಯಾರಿಗೆ ಹೋಗುತ್ತದೆ, ಪೌರಕಾರ್ಮಿಕರ ದಿನದ ದುಡಿಮೆ ಎಷ್ಟು ಗಂಟೆಗೆ ಆರಂಭವಾಗುತ್ತದೆ ಎಂಬ ಲೆಕ್ಕವನ್ನು ನಿಮ್ಮ ವಿದ್ಯಾರ್ಥಿಗಳಷ್ಟು ಚೆನ್ನಾಗಿ ವಿಜ್ಞಾನದವರು ಮಾಡಲಾರರು. ಮೈಸೂರು ನಗರ 2016ರ ಸ್ವಚ್ಛತಾ ಸಮೀಕ್ಷೆಯಲ್ಲಿ ದೇಶಕ್ಕೆ ಮೊದಲನೆಯದಾಯಿತು. ಅದೇ ನಗರದ ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಹಳೆಯ ಕಸದ ರಾಶಿ ಆಸುಪಾಸಿನ ಬಡಾವಣೆಗಳನ್ನು ವರ್ಷಗಟ್ಟಲೆ ಕಾಡಿತು. ಕುಂಬಾರಕೊಪ್ಪಲಿನ ಕಸ ವಿಂಗಡಣೆ ಘಟಕವನ್ನೂ ಸೂಯೇಜ್ ಫಾರಂ ಅನ್ನೂ ಒಂದೇ ದಿನ ತೋರಿಸಿದರೆ ಒಂದು ಸೆಮಿಸ್ಟರಿನ ಚರ್ಚೆಗೆ ಸಾಕಾಗುವಷ್ಟು ವಸ್ತು ಸಿಗುತ್ತದೆ.

ಪ್ರವಾಸಕ್ಕೆ ಹಣವಿಲ್ಲದಿದ್ದರೆ ನಿಮ್ಮ ಊರಿನ ಕೆರೆಯೇ ಆಗಲಿ. ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಮಾಡಿಸುತ್ತಿದ್ದುದನ್ನು ಹೇಳುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಇಂದು ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿದೆ. ತರಗತಿಯ ಅರ್ಧದಷ್ಟು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಸೂರ್ಯೋದಯಕ್ಕೆ ಮುಂಚೆ, ಇನ್ನೊಂದನ್ನು ಮಧ್ಯಾಹ್ನ ಮೂರು ಗಂಟೆಗೆ ಕಳುಹಿಸಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು ಹೇಳುತ್ತಿದ್ದೆ. ಪಾಚಿ ಹೆಚ್ಚಾದ ಕೆರೆಯಲ್ಲಿ ಹಗಲು ಆಮ್ಲಜನಕ ಧಾರಾಳವಾಗಿರುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅದು ತಳ ಮುಟ್ಟುತ್ತದೆ, ಮೀನುಗಳು ಸಾಯುವುದೂ ಆ ಹೊತ್ತಿನಲ್ಲಿಯೇ. ಎರಡು ಗುಂಪುಗಳೂ ತಮ್ಮ ಅಂಕಿಯೇ ಸರಿಯೆಂದು ವಾದಿಸುವಾಗ ಅವರಿಗೆ ಈ ಕಾರಣವನ್ನು ಹೇಳಬೇಕು, ಮೊದಲೇ ಹೇಳಬಾರದು. ನಿಮ್ಮ ಬಳಿ ಉಪಕರಣ ಇಲ್ಲದಿದ್ದರೆ ವಿಜ್ಞಾನ ವಿಭಾಗದ ಸಹೋದ್ಯೋಗಿಯ ಸಹಾಯ ಪಡೆಯಿರಿ, ಅಥವಾ ಬಿಳಿಯ ತಟ್ಟೆಯೊಂದಕ್ಕೆ ಕಲ್ಲು ಮತ್ತು ಅಳತೆ ಗುರುತು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಸಿ, ಅದು ಎಷ್ಟು ಆಳದಲ್ಲಿ ಕಾಣದಾಗುತ್ತದೆ ಎಂದು ಬರೆದುಕೊಳ್ಳಲಿ. ಉಳಿದ ಅರ್ಧ ವರ್ಗ ಕೆರೆಯ ಏರಿಯ ಮೇಲೆ ಸಿಗುವವರನ್ನು ಮಾತನಾಡಿಸಲಿ: ಬಟ್ಟೆ ಒಗೆಯುವವರು, ದನ ಮೈತೊಳೆಸುವವರು, ಮೀನಿನ ಗುತ್ತಿಗೆ ಹಿಡಿದವರು, ಕೆಳಗಿನ ಗದ್ದೆಯವರು, ಬೆಳಗಿನ ವಾಯುಸಂಚಾರಕ್ಕೆ ಬರುವವರು. ಕೆರೆಗೆ ನೀರು ತರುತ್ತಿದ್ದ ಹಳೆಯ ಕಾಲುವೆಗಳು ಎಲ್ಲಿ ಮುಚ್ಚಿಹೋದವು, ಯಾವ ಕಾಲದಲ್ಲಿ ಎಂದು ಹಿರಿಯರಿಂದ ಕೇಳಿ ಗ್ರಾಮನಕ್ಷೆಯ ಮೇಲೆ ಗುರುತು ಮಾಡಲಿ.

ವಾರದ ಕೊನೆಗೆ ಎರಡೂ ಅರ್ಧವರ್ಗಗಳು ಒಂದೇ ಕೋಣೆಯಲ್ಲಿ ಕುಳಿತು ಒಂದೇ ವರದಿಯನ್ನು ಬರೆಯಬೇಕು. ಪ್ರತ್ಯೇಕ ವರದಿಗಳನ್ನು ನಾನು ಸ್ವೀಕರಿಸುತ್ತಿರಲಿಲ್ಲ. ಮೊದಲ ಸಲ ಜಗಳವಾಗುತ್ತದೆ, ಆಗಲು ಬಿಡಿ. ಬರೆದ ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ಅದು ತಲುಪಿದೆಯೆಂಬ ಮೊಹರನ್ನು ಇನ್ನೊಂದು ಪ್ರತಿಯ ಮೇಲೆ ಹಾಕಿಸಿಕೊಂಡು ಬಂದವರಿಗೇ ಪೂರ್ಣ ಅಂಕ ಕೊಡಿ. ಮುಂದಿನ ವರ್ಷದ ತರಗತಿ ಆ ಪ್ರತಿಯನ್ನು ಕೈಯಲ್ಲಿ ಹಿಡಿದು ಅದೇ ಕೆರೆಗೆ ಹೋಗಲಿ.